ಫ್ರೇಮ್‌ವರ್ಕ್ ಇಲ್ಲದೆ ಪಿಎಚ್‌ಪಿಯಲ್ಲಿ ಒಂದು ಪುಟ್ಟ ರೆಸ್ಟ್ ಎಪಿಐ

ಪುಸ್ತಕಗಳ ಪಟ್ಟಿ ಕೊಡೋ, ಹೊಸ ಪುಸ್ತಕ ಸೇರಿಸಿಕೊಳ್ಳೋ ಒಂದು ಎಪಿಐ, ಅಂದ್ರೆ ಬೇರೆ ಪ್ರೋಗ್ರಾಮ್‌ಗಳು ಡೇಟಾ ಕೇಳಿ ಪಡೆಯೋ ದಾರಿ, ಇವತ್ತು ಬರೆಯೋಣ. ಲಾರಾವೆಲ್‌ನಂಥ ಫ್ರೇಮ್‌ವರ್ಕ್ ಬೇಡ. ಇಂಡೆಕ್ಸ್ ಡಾಟ್ ಪಿಎಚ್‌ಪಿ ಅನ್ನೋ ಒಂದೇ ಫೈಲ್, ಡೇಟಾ ಇಡೋಕೆ ಎಸ್‌ಕ್ಯೂಲೈಟ್, ಅಷ್ಟೇ. ಒಳಗೆ ಏನು ನಡೆಯುತ್ತೆ ಅಂತ ಒಮ್ಮೆ ಕಣ್ಣಾರೆ ನೋಡಿದ್ರೆ ಆಮೇಲೆ ಯಾವ ಫ್ರೇಮ್‌ವರ್ಕ್ ಆದರೂ ಬೇಗ ಹಿಡಿತಕ್ಕೆ ಬರುತ್ತೆ.

ಅಪಾಚೆಯಂಥ ಬೇರೆ ವೆಬ್ ಸರ್ವರೂ ಬೇಕಿಲ್ಲ. 5.4ನೇ ಆವೃತ್ತಿಯಿಂದಲೇ ಪಿಎಚ್‌ಪಿ ಜೊತೆಗೆ ಸರ್ವರ್ ಬರುತ್ತೆ. ಟರ್ಮಿನಲ್‌ನಲ್ಲಿ ಪಿಎಚ್‌ಪಿ, ಹೈಫನ್ ಕ್ಯಾಪಿಟಲ್ ಎಸ್, ಲೋಕಲ್‌ಹೋಸ್ಟ್ ಕೋಲನ್ 8000, ಇಂಡೆಕ್ಸ್ ಡಾಟ್ ಪಿಎಚ್‌ಪಿ ಅಂತ ಟೈಪ್ ಮಾಡಿ. ಕೊನೇಲಿ ಫೈಲ್ ಹೆಸರು ಕೊಟ್ಟರೆ ಯಾವ ಯುಆರ್‌ಎಲ್ ಕೇಳಿದರೂ ರಿಕ್ವೆಸ್ಟ್ ಮೊದಲು ಈ ಫೈಲಿಗೇ ಬರುತ್ತೆ. ಲೈವ್ ಸೈಟಿಗೆ ಮಾತ್ರ ಈ ಸರ್ವರ್ ಬಳಸಬೇಡಿ.

ಮೆಥಡ್ (ಓದೋಕೆ ಗೆಟ್, ಸೇರಿಸೋಕೆ ಪೋಸ್ಟ್) ಯಾವುದು, ಪಾತ್ ಯಾವುದು ಅಂತ ಮೊದಲು ನೋಡ್ಬೇಕು. ರಿಕ್ವೆಸ್ಟ್ ಯುಆರ್‌ಐನಲ್ಲಿ ಕ್ವೆರಿ ಸ್ಟ್ರಿಂಗೂ ಸೇರಿರುತ್ತೆ, ಹಾಗಾಗಿ ಪಾರ್ಸ್ ಯುಆರ್‌ಎಲ್ ಫಂಕ್ಷನ್ ಹಾಕಿ ಪಾತ್ ಬೇರೆ ಮಾಡ್ಕೊಳ್ಳಿ.

ಗೆಟ್ ಸುಲಭ. ಆದ್ರೆ ಡೇಟಾವನ್ನ ಜೇಸನ್ ಅನ್ನೋ ಪಠ್ಯ ರೂಪಕ್ಕೆ ತಿರುಗಿಸೋ ಜೇಸನ್ ಎನ್‌ಕೋಡ್ ಫಂಕ್ಷನ್ ಸುಮ್ಮನೆ ಕರೆದ್ರೆ ನಮ್ಮ 'ಕ' ಅಕ್ಷರ ಬ್ಯಾಕ್‌ಸ್ಲ್ಯಾಶ್ ಯು 0ಸಿ95 ಅಂತ ಹೋಗುತ್ತೆ. ತಪ್ಪೇನಲ್ಲ, ಓದೋಕೆ ಮಾತ್ರ ಆಗಲ್ಲ. ಅನ್‌ಎಸ್ಕೇಪ್ಡ್ ಯೂನಿಕೋಡ್ ಫ್ಲ್ಯಾಗ್ ಸೇರಿಸಿ, ಕನ್ನಡ ಕನ್ನಡವಾಗೇ ಕಾಣುತ್ತೆ.

ತುಂಬಾ ಜನ ಎಡವೋದು ಪೋಸ್ಟ್ ಹತ್ರ. ಕ್ಲೈಂಟ್ ಜೇಸನ್ ಕಳಿಸಿರುತ್ತೆ, ಡಾಲರ್ ಅಂಡರ್‌ಸ್ಕೋರ್ ಪೋಸ್ಟ್ ನೋಡಿದ್ರೆ ಖಾಲಿ! ಯಾಕಂದ್ರೆ ಫಾರ್ಮ್ ರೂಪದಲ್ಲಿ ಬಂದ ಡೇಟಾವನ್ನ ಮಾತ್ರ ಪಿಎಚ್‌ಪಿ ಆ ಅರೇಗೆ ತುಂಬೋದು. ಜೇಸನ್ ಬೇಕಂದ್ರೆ ಪಿಎಚ್‌ಪಿ ಇನ್‌ಪುಟ್ ಸ್ಟ್ರೀಮನ್ನ ಫೈಲ್ ಗೆಟ್ ಕಂಟೆಂಟ್ಸ್‌ನಿಂದ ಓದಿ, ಜೇಸನ್ ಡಿಕೋಡ್ ಮಾಡಿ. ಥ್ರೋ ಆನ್ ಎರರ್ ಫ್ಲ್ಯಾಗ್ ಹಾಕಲೇಬೇಕು. ಇಲ್ಲಾಂದ್ರೆ ಹಾಳಾದ ಜೇಸನ್‌ಗೆ ಸದ್ದಿಲ್ಲದೆ ನಲ್ ಬರುತ್ತೆ. ಎಕ್ಸೆಪ್ಶನ್ ಹಿಡಿದು 400 (ರಿಕ್ವೆಸ್ಟ್ ಸರಿಯಿಲ್ಲ ಅನ್ನೋ ಸ್ಟೇಟಸ್ ಕೋಡ್) ಕಳಿಸಿ.

ಇನ್ಸರ್ಟ್‌ಗೆ ಪಿಡಿಒ (ಡೇಟಾಬೇಸ್ ಜೊತೆ ಮಾತಾಡೋ ಪಿಎಚ್‌ಪಿ ಎಕ್ಸ್‌ಟೆನ್ಷನ್) ಪ್ರಿಪೇರ್, ಎಕ್ಸಿಕ್ಯೂಟ್ ಬಳಸಿ. ಕ್ವೆರಿ ಒಳಗೆ ವೇರಿಯಬಲ್ ಅಂಟಿಸೋದು ಬೇಡವೇ ಬೇಡ, ಹೊರಗಿನವರು ಕ್ವೆರಿಯನ್ನೇ ತಿರುಚೋ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ ಬಾಗಿಲು ತೆರೆದಿಟ್ಟ ಹಾಗೆ.

ಪುಸ್ತಕ ಸೇರಿದ ಮೇಲೆ 201 (ಹೊಸದು ಸೃಷ್ಟಿಯಾಯ್ತು) ಕೊಡಿ, ಹೊಸ ಪುಸ್ತಕದ ವಿಳಾಸವನ್ನ ಲೊಕೇಶನ್ ಹೆಡರ್‌ನಲ್ಲಿ ಕೊಡಿ. ಇದೇ ಕ್ರಮದಲ್ಲಿ ಬರೀರಿ. 201 ಹೇಳದೆ ಲೊಕೇಶನ್ ಮೊದಲು ಹಾಕಿದ್ರೆ ಪಿಎಚ್‌ಪಿ ತಾನಾಗೇ 302 (ಬೇರೆ ವಿಳಾಸಕ್ಕೆ ಹೋಗು) ಮಾಡುತ್ತೆ. ಆಮೇಲೆ ಎಲ್ಲೋ ಎಕೋ ಆಗಿ ಔಟ್‌ಪುಟ್ ಹೊರಟುಬಿಟ್ಟರೆ ಸ್ಟೇಟಸ್ ಬದಲಾಯಿಸೋಕೂ ಆಗಲ್ಲ. ಗೊತ್ತಿಲ್ಲದ ಪಾತ್‌ಗೆ 404, ಪಾತ್ ಸರಿಯಿದ್ದು ಮೆಥಡ್ ತಪ್ಪಿದ್ರೆ 405.

ಟೆಸ್ಟ್‌ಗೆ ಟರ್ಮಿನಲ್‌ನಿಂದಲೇ ರಿಕ್ವೆಸ್ಟ್ ಕಳಿಸೋ ಕರ್ಲ್ ಸಾಕು. ಹೈಫನ್ ಸ್ಮಾಲ್ ಐ ಹಾಕಿ, ಹೆಡರ್‌ಗಳೂ ಕಾಣುತ್ತೆ. ಡೇಟಾ ಕಳಿಸೋ ಹೈಫನ್ ಸ್ಮಾಲ್ ಡಿ ಮಾತ್ರ ಕೊಟ್ಟರೆ ಕರ್ಲ್ ಅದನ್ನ ಫಾರ್ಮ್ ಅಂತಲೇ ಕಳಿಸುತ್ತೆ, ಕಂಟೆಂಟ್ ಟೈಪ್ ಅಪ್ಲಿಕೇಶನ್ ಜೇಸನ್ ಅಂತ ನೀವೇ ಹೆಡರ್ ಸೇರಿಸ್ಬೇಕು.