ಪೆನ್ಸಿಲ್ ಗುರುತಿನ ಕೆಳಗೆ

ಎಲ್ಲರಿಗೂ ನಮಸ್ಕಾರ.

ಹಾವಿನ ಮೊಟ್ಟೆಗಳನ್ನು ಕಾಪಾಡಿ ಮರಿ ಮಾಡಿಸುವವರು ಮೊಟ್ಟೆಗೆ ಕೈ ಹಚ್ಚುವ ಮೊದಲು ಒಂದು ಕೆಲಸ ಮಾಡುತ್ತಾರೆ. ಪ್ರತಿಯೊಂದರ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ಒಂದು ಗುರುತು ಹಾಕುತ್ತಾರೆ. ಮರಿ ಹೊರಬರುವ ತನಕ ಆ ಗುರುತು ಮೇಲೇ ಇರಬೇಕು. ಕೋಳಿ ಮಾಡುವುದು ಇದಕ್ಕೆ ಉಲ್ಟಾ. ಕಾವಿಗೆ ಕೂತ ಕೋಳಿ ದಿನಕ್ಕೆ ಎಷ್ಟೋ ಸಲ ಮೊಟ್ಟೆ ಹೊರಳಿಸುತ್ತದೆ. ಅದಕ್ಕೆ ಒಳ್ಳೆಯದು, ಇದಕ್ಕೆ ಯಾಕೆ ಬೇಡ?

ಕೋಳಿ ಮೊಟ್ಟೆ ಒಡೆದಾಗ ಹಳದಿಯ ಪಕ್ಕದಲ್ಲಿ ಬಿಳಿ ಹುರಿಯಂಥದ್ದು ಕಾಣುತ್ತೆ, ಅಲ್ವಾ? ಹಳದಿಯನ್ನು ನಡುವೆ ಹಿಡಿದಿಡುವ ಹಗ್ಗ ಅದು. ಹಾವಿನ ಮೊಟ್ಟೆಯಲ್ಲಿ ಆ ಹಗ್ಗ ಇಲ್ಲ. ಲೋಳೆಯೂ ತೀರಾ ಕಡಿಮೆ. ಭ್ರೂಣ ಹಳದಿಯ ಮೇಲೆ ಕೂತಿರುತ್ತದೆ. ಅದರ ಸುತ್ತಲಿನ ಪೊರೆಗಳು ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತವೆ. ಅಲ್ಲಿಂದಲೇ ಅದರ ಉಸಿರು. ಅಂಟಿದ ಮೇಲೆ ಮೊಟ್ಟೆಯನ್ನು ಬೋರಲು ಮಾಡಿದರೆ ಹಳದಿಯ ಭಾರವೆಲ್ಲ ಆ ಎಳೆ ಜೀವದ ಮೇಲೆ ಬೀಳುತ್ತದೆ. ಹೊರಳಿದ ಮೊಟ್ಟೆಗಳೆಲ್ಲ ಸತ್ತೇ ಹೋಗುತ್ತವೆ ಅಂತಲ್ಲ. ಆದರೆ ಒಂದು ಪೆನ್ಸಿಲ್ ಗೆರೆಯಲ್ಲಿ ತಪ್ಪುವ ಅಪಾಯವನ್ನು ಸುಮ್ನೆ ಯಾಕೆ ತಂದುಕೊಳ್ಳಬೇಕು?

ಚಿಪ್ಪು ಅಂದೆ. ನಿಜಕ್ಕೂ ಅದು ತೊಗಲಿನ ಹಾಗಿರುತ್ತದೆ. ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ. ಸುತ್ತಲಿನ ತೇವವನ್ನು ಹೀರಿಕೊಂಡು ಮೊಟ್ಟೆ ದಿನದಿನಕ್ಕೆ ಉಬ್ಬುತ್ತದೆ, ತೂಕವೂ ಏರುತ್ತದೆ. ಜಾಗ ಒಣಗಿದರೆ ಗುಳಿ ಬೀಳುತ್ತದೆ.

ಮೊಟ್ಟೆ ಇಟ್ಟ ದಿನವೇ ಮೊದಲ ದಿನ ಅಂದುಕೊಳ್ಳುತ್ತೇವೆ. ಕೋಳಿಯ ಮಟ್ಟಿಗೆ ಹೆಚ್ಚುಕಡಿಮೆ ಸರಿ. ಆಗಷ್ಟೇ ಇಟ್ಟ ಕೋಳಿ ಮೊಟ್ಟೆಯಲ್ಲಿ ಇರುವುದು ಜೀವಕೋಶಗಳ ಒಂದು ಚಿಕ್ಕ ಬಿಲ್ಲೆ. ಹಾವಿನ ಲೆಕ್ಕ ಬೇರೆ. ಮೊಟ್ಟೆ ತಾಯಿಯ ಹೊಟ್ಟೆಯಿಂದ ಹೊರಗೆ ಬರುವಾಗಲೇ ಭ್ರೂಣಕ್ಕೆ ತಲೆ ಇರುತ್ತದೆ, ಕಣ್ಣಿನ ಗುರುತು ಇರುತ್ತದೆ, ಹೃದಯ ಬಡಿಯುತ್ತಿರುತ್ತದೆ. ಮೈ ಆಗಲೇ ಸುರುಳಿ ಸುತ್ತಿರುತ್ತದೆ. ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದರೆ ಕೆಂಪು ರಕ್ತನಾಳಗಳ ಬಲೆ ಕಾಣುತ್ತದೆ. ನನಗೆ ಎಷ್ಟು ಸಲ ನೋಡಿದರೂ ಸಾಕಾಗದ ನೋಟ ಅದು.

ಈಗ ಸುರುಳಿಯ ವಿಷಯ. ಭ್ರೂಣದ ಬೆನ್ನಿನುದ್ದಕ್ಕೂ ಜೋಡಿ ಜೋಡಿ ತುಣುಕುಗಳು ಹುಟ್ಟುತ್ತವೆ. ತಲೆಯ ಕಡೆಯಿಂದ ಶುರು, ಬಾಲದ ಕಡೆಗೆ ಸಾಲು. ಇವಕ್ಕೆ ಸೋಮೈಟ್ ಅನ್ನುತ್ತಾರೆ. ಬೆನ್ನುಮೂಳೆಯ ಮಣಿಗಳು, ಪಕ್ಕೆಲುಬು ಎಲ್ಲ ಆಗುವುದು ಇವುಗಳಿಂದಲೇ. ಕೋಳಿಯಲ್ಲಿ ಸುಮಾರು 55 ಜೋಡಿ, ಇಲಿಯಲ್ಲಿ 65. ಕಾರ್ನ್ ಸ್ನೇಕ್ ಎಂಬ ಹಾವಿನಲ್ಲಿ 300ಕ್ಕೂ ಜಾಸ್ತಿ! ಇಷ್ಟೊಂದು ಹೇಗೆ? ತುಣುಕು ಕತ್ತರಿಸಲು ಜೀವಕೋಶಗಳ ಒಳಗೆ ಒಂದು ಗಡಿಯಾರ ಇದೆ. ಒಂದು ಸಲ ಟಿಕ್ ಅಂದರೆ ಒಂದು ಜೋಡಿ ತುಣುಕು. ಮೈ ಬೆಳೆಯುವ ವೇಗಕ್ಕೆ ಹೋಲಿಸಿದರೆ ಹಾವಿನಲ್ಲಿ ಆ ಗಡಿಯಾರ ಬಲು ಜೋರಾಗಿ ಓಡುತ್ತದೆ ಎಂದು 2008ರಲ್ಲಿ ತೋರಿಸಿಕೊಟ್ಟರು. ಒಂದೇ ಮೇಣದ ಬತ್ತಿಯನ್ನು ನಿಧಾನಕ್ಕೆ ದಪ್ಪ ದಪ್ಪ ಕತ್ತರಿಸುವುದಕ್ಕೂ, ಚಕಚಕ ತೆಳ್ಳಗೆ ಕತ್ತರಿಸುವುದಕ್ಕೂ ಇರುವ ವ್ಯತ್ಯಾಸ.

ಕಾಲು ಎಲ್ಲಿ ಹೋಯಿತು ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಹೆಬ್ಬಾವಿನ ಭ್ರೂಣದಲ್ಲಿ ಹಿಂಗಾಲಿನ ಮೊಗ್ಗು ಮೂಡುತ್ತದೆ. ಬೆಳೆಯಲು ಹೊರಡುತ್ತದೆ, ಸ್ವಲ್ಪ ಹೊತ್ತಿಗೇ ನಿಂತುಬಿಡುತ್ತದೆ. ದೊಡ್ಡ ಹೆಬ್ಬಾವಿನ ಬಾಲದ ಬುಡದಲ್ಲಿ ಕಾಣುವ ಎರಡು ಪುಟ್ಟ ಉಗುರು ಅದರದೇ ಉಳಿಕೆ. ಕಾಲು ಬೆಳೆಸುವ ಜೀನ್ ಹಾವಿನಲ್ಲಿ ಈಗಲೂ ಇದೆ. ಕೆಟ್ಟಿರುವುದು ಅದರ ಸ್ವಿಚ್, ಅಂದರೆ ಆ ಜೀನನ್ನು ಆನ್ ಮಾಡುವ ಡಿಎನ್‌ಎ ತುಂಡು. 2016ರಲ್ಲಿ ಹಾವಿನ ಆ ಸ್ವಿಚ್ಚನ್ನು ಇಲಿಗೆ ಹಾಕಿ ನೋಡಿದರು. ಇಲಿಮರಿಗಳ ಕಾಲು ಮೋಟಾಯಿತು. ಸ್ವಿಚ್ಚಿನಲ್ಲಿ ಕಳೆದುಹೋಗಿದ್ದ 17 ಡಿಎನ್‌ಎ ಅಕ್ಷರಗಳನ್ನು ವಾಪಸ್ ಸೇರಿಸಿದಾಗ ಕಾಲು ಸರಿಯಾಗಿ ಬೆಳೆಯಿತು.

ವಿಷದ ಹಲ್ಲಿನದೂ ಮಜವಾದ ಕಥೆ. ನಾಗರಹಾವಿನ ವಿಷದ ಹಲ್ಲು ಬಾಯಿಯ ಮುಂದೆ ಇದೆ. ಆದರೆ ಭ್ರೂಣದಲ್ಲಿ ಅದು ಮೊಳೆಯುವುದು ಮೇಲ್ದವಡೆಯ ಹಿಂಭಾಗದಲ್ಲಿ. ದವಡೆ ಬೆಳೆಯುತ್ತಾ ಅದು ಮುಂದಕ್ಕೆ ಬರುತ್ತದೆ. ಹಾವು ಕಣ್ಣು ಮಿಟುಕಿಸದಿರುವುದೂ ಮೊಟ್ಟೆಯೊಳಗೇ ತೀರ್ಮಾನವಾಗುತ್ತದೆ. ರೆಪ್ಪೆಗಳು ಒಂದಕ್ಕೊಂದು ಕೂಡಿಕೊಂಡು ಕನ್ನಡಕದ ಗಾಜಿನಂತೆ ಪಾರದರ್ಶಕವಾಗುತ್ತವೆ.

ಇಷ್ಟಕ್ಕೆಲ್ಲ ಆಹಾರ ಹಳದಿಯಿಂದ. ಅದು ಬರೀ ನೀರಾಗಿ ಉಳಿಯುವುದಿಲ್ಲ. ಜೀವಕೋಶಗಳು ಹಳದಿಯೊಳಗೆ ನುಗ್ಗಿ ಅದನ್ನು ತುಂಬಿಕೊಳ್ಳುತ್ತವೆ. ಅವುಗಳ ನಡುವೆ ರಕ್ತನಾಳಗಳು ಹಾಯುತ್ತವೆ. ಕೊನೆಗೆ ನೋಡಿದರೆ ಮಣಿ ಪೋಣಿಸಿದ ದಾರಗಳನ್ನು ಗಂಟುಗಂಟಾಗಿ ತುರುಕಿಟ್ಟಂತೆ ಇರುತ್ತದೆ. ನಾಳ ದಾರ, ಹಳದಿ ತುಂಬಿದ ಕೋಶಗಳೇ ಮಣಿ.

ಹೆಚ್ಚಿನ ಹಾವುಗಳು ಮೊಟ್ಟೆ ಇಟ್ಟು ಹೊರಟುಹೋಗುತ್ತವೆ. ಹೆಬ್ಬಾವು ಹಾಗಲ್ಲ, ಮೊಟ್ಟೆಗಳನ್ನು ಸುತ್ತಿಕೊಂಡು ಕೂರುತ್ತದೆ. ಭಾರತದ ಹೆಬ್ಬಾವು ಮೈ ನಡುಗಿಸಿ ಬಿಸಿ ಕೂಡ ಕೊಡುತ್ತದೆ. ಬಿಸಿ ಹೆಚ್ಚಾದರೆ ಮರಿಗಳಲ್ಲಿ ಐಬು ಕಾಣಿಸಿಕೊಳ್ಳಬಹುದು. ಆದರೆ ಮೊಸಳೆಯಲ್ಲಿ ಆಗುವ ಹಾಗೆ ಬಿಸಿಯಿಂದ ಗಂಡು ಹೆಣ್ಣು ನಿರ್ಧಾರವಾಗುವುದಿಲ್ಲ. ಅದು ಕ್ರೋಮೋಸೋಮಿನ ಕೆಲಸ.

ಸುಮಾರು ಎರಡು ತಿಂಗಳ ಹೊತ್ತಿಗೆ ಮೂತಿಯ ತುದಿಯಲ್ಲಿ ಒಂದು ಚೂಪು ಹಲ್ಲು ತಯಾರಾಗಿರುತ್ತದೆ. ಕೋಳಿಮರಿಯ ಕೊಕ್ಕಿನ ಮೇಲಿನದು ಬರೀ ಗಟ್ಟಿ ಚರ್ಮ. ಇದು ನಿಜವಾದ ಹಲ್ಲು. ಮರಿ ತಲೆ ಆಡಿಸುತ್ತಾ ಚಿಪ್ಪನ್ನು ಬ್ಲೇಡಿನಿಂದ ಸೀಳಿದ ಹಾಗೆ ಸೀಳುತ್ತದೆ. ಸೀಳಿದ ಕೂಡಲೇ ಹೊರಗೆ ಓಡುವುದಿಲ್ಲ. ಮೂತಿಯಷ್ಟೇ ಹೊರಗೆ ಹಾಕಿ, ಕೆಲವು ಗಂಟೆ, ಕೆಲವೊಮ್ಮೆ ಒಂದಿಡೀ ದಿನ ಹಾಗೇ ಕೂರುತ್ತದೆ. ಹತ್ತಿರ ಹೋದರೆ ಸರಕ್ಕನೆ ಒಳಗೆ. ಆತುರಕ್ಕೆ ಬಿದ್ದು ಚಿಪ್ಪು ಬಿಡಿಸಿ ಸಹಾಯ ಮಾಡಲು ಹೋಗಬೇಡಿ. ಉಳಿದ ಹಳದಿ ಇನ್ನೂ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಮರಿಗೆ ಮೊದಲ ಬೇಟೆ ಸಿಗುವವರೆಗೆ ಅದೇ ಬುತ್ತಿ.

ಆ ಚೂಪು ಹಲ್ಲು ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ನಾನು ಹುಡುಕಿದ್ದೇನೆ, ಒಂದೂ ಸಿಕ್ಕಿಲ್ಲ. ಈಗ ನಿಮ್ಮ ಪ್ರಶ್ನೆ ಕೇಳಿ.