ಉಯಿಲಿನಲ್ಲಿ ಬರೆದ ಕಸುಬು: ಬೆಂಜಮಿನ್ ಫ್ರಾಂಕ್ಲಿನ್ ಕುರಿತು ಒಂದು ಉಪನ್ಯಾಸ

ಸ್ನೇಹಿತರೇ,

ಅಮೆರಿಕದ ವಿಜ್ಞಾನಿ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ 1788ರಲ್ಲಿ ಉಯಿಲು ಬರೆದಾಗ ಅವನಿಗೆ 82 ವರ್ಷ. ಅದರ ಮೊದಲ ಸಾಲಿನಲ್ಲಿ ಹೆಸರು, ಊರು ಆದ ಕೂಡಲೇ ಬರುವ ಮಾತು ‘ಮುದ್ರಕ’. ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದದ್ದು, ಪೆನ್ಸಿಲ್ವೇನಿಯಾ ರಾಜ್ಯದ ಅಧ್ಯಕ್ಷನಾಗಿರುವುದು, ಎಲ್ಲ ಆಮೇಲೆ. ಅಚ್ಚುಕೂಟದ ದಿನಗೆಲಸ ಬಿಟ್ಟು ಆಗಲೇ ನಲವತ್ತು ವರ್ಷ ಕಳೆದಿತ್ತು. ಇದನ್ನು ವಿನಯ ಎನ್ನುವವರಿದ್ದಾರೆ. ನನಗೆ ಅದು ಲೆಕ್ಕ ಹಾಕಿ ಬರೆದ ಮಾತು ಅನ್ನಿಸುತ್ತದೆ. ಅವನ ಮಿಂಚುವಾಹಕವನ್ನಾಗಲಿ ನೋಟುಗಳನ್ನಾಗಲಿ ಹತ್ತಿರದಿಂದ ನೋಡಿದರೆ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುವವನ ಕೈ ಕಾಣುತ್ತದೆ. ಆದ್ದರಿಂದ ಸಿಡಿಲಿನ ಪ್ರಯೋಗದ ಆ ಪ್ರಸಿದ್ಧ ಗಾಳಿಪಟವನ್ನು ಸ್ವಲ್ಪ ಹೊತ್ತು ಬದಿಗಿಡೋಣ.

ಹುಟ್ಟಿದ್ದು ಬಾಸ್ಟನ್‌ನಲ್ಲಿ, 1706ರ ಜನವರಿ 17ರಂದು. ತಂದೆ ಜೊಸೈಯ ಕೊಬ್ಬು ಕರಗಿಸಿ ಬತ್ತಿ, ಸಾಬೂನು ಮಾಡುವವರು. ಹದಿನೇಳು ಮಕ್ಕಳಲ್ಲಿ ಇವನು ಹದಿನೈದನೆಯವನು. ಶಾಲೆಯ ಮುಖ ಕಂಡದ್ದು ಎರಡೇ ವರ್ಷ. ಹನ್ನೆರಡನೆಯ ವಯಸ್ಸಿಗೆ ಅಣ್ಣ ಜೇಮ್ಸ್‌ನ ಅಚ್ಚುಕೂಟಕ್ಕೆ ಕರಾರು ಬರೆದುಕೊಟ್ಟು ಸೇರಿದ. ಇಪ್ಪತ್ತೊಂದು ತುಂಬುವವರೆಗೆ ದುಡಿಮೆ, ಕೂಲಿ ಕೊನೆಯ ವರ್ಷಕ್ಕೆ ಮಾತ್ರ. ಹದಿನಾರರಲ್ಲಿ ವಿಧವೆಯೊಬ್ಬಳ ಹೆಸರಿನಲ್ಲಿ ಪತ್ರ ಬರೆದು ರಾತ್ರಿ ಬಾಗಿಲ ಕೆಳಗೆ ತೂರಿಸತೊಡಗಿದ. ಯಾರದೆಂದು ತಿಳಿಯದ ಅಣ್ಣ ಅವನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ. ಹೀಗೆ ಬಂದದ್ದು 14 ಪತ್ರ. ಗುಟ್ಟು ಹೊರಬಿದ್ದ ಮೇಲೆ ಮನಸ್ತಾಪ ಬೆಳೆಯಿತು. ಅಣ್ಣನ ಏಟು ತಾಳಲಾರದೆ ಹುಡುಗ 1723ರಲ್ಲಿ ಓಡಿಹೋಗಿ ಫಿಲಡೆಲ್ಫಿಯಾ ಸೇರಿದ.

ಆ ಕಾಲದ ಅಚ್ಚಿನ ಯಂತ್ರ ಮರದ್ದು, ಅದಕ್ಕೆ ಇಬ್ಬರು ಬೇಕು. ಕಾಗದವನ್ನು ಹಿಂದಿನ ದಿನವೇ ತೇವ ಮಾಡಿ ಒಂದರ ಮೇಲೊಂದು ಒಟ್ಟಿ ಭಾರ ಹೇರಿ ಇಡಬೇಕು. ಒಣ ಕಾಗದ ಶಾಯಿಯನ್ನು ಸರಿಯಾಗಿ ಹಿಡಿಯುವುದಿಲ್ಲ. ತೇವ ಹೆಚ್ಚಾದರೆ ಅಕ್ಷರ ಕದಡುತ್ತದೆ. ಶಾಯಿ ಎಂದರೆ ಅಗಸೆ ಎಣ್ಣೆಯನ್ನು ಅಂಟು ಬರುವ ತನಕ ಕುದಿಸಿ ದೀಪದ ಮಸಿ ಕಲಸಿದ್ದು. ಒಬ್ಬ ಉಣ್ಣೆ ತುಂಬಿದ ಎರಡು ಚರ್ಮದ ಚೆಂಡುಗಳಿಗೆ ಈ ಶಾಯಿ ಸವರಿಕೊಂಡು ಮೊಳೆಗಳ ಮೇಲೆ ಒತ್ತುತ್ತಾನೆ. ಅವನ ಕೈ ಸಮವಾಗಿರದಿದ್ದರೆ ಪುಟದಲ್ಲಿ ಒಂದು ಕಡೆ ಕಪ್ಪು ಮೆತ್ತಿ, ಇನ್ನೊಂದು ಕಡೆ ಅಕ್ಷರವೇ ಮೂಡುವುದಿಲ್ಲ. ಇನ್ನೊಬ್ಬ ಕಾಗದ ಇಟ್ಟು, ಹಲಗೆಯನ್ನು ಒಳಗೆ ತಳ್ಳಿ, ಸನ್ನೆ ಎಳೆಯುತ್ತಾನೆ. ಒತ್ತುವ ಹಲಗೆ ಫಾರಂನ, ಅಂದರೆ ಚೌಕಟ್ಟಿನಲ್ಲಿ ಬಿಗಿದ ಮೊಳೆಪುಟಗಳ, ಅರ್ಧವನ್ನಷ್ಟೇ ಮುಚ್ಚುವುದರಿಂದ ದೊಡ್ಡ ಹಾಳೆಗೆ ಎರಡು ಸಲ ಎಳೆಯಬೇಕು. ಪಳಗಿದ ಜೋಡಿ ಗಂಟೆಗೆ ಸುಮಾರು 240 ಹಾಳೆ, ಅದೂ ಒಂದೇ ಮಗ್ಗುಲು, ತೆಗೆಯುತ್ತಿತ್ತು.

ಅಮೆರಿಕದಲ್ಲಿ ಆಗ ಮೊಳೆ ಎರಕ ಹೊಯ್ಯುವವರೇ ಇರಲಿಲ್ಲ. ಒಂದು ಅಕ್ಷರ ಕಡಿಮೆ ಬಿದ್ದರೆ ಲಂಡನ್ನಿನಿಂದ ಹಡಗು ಬರಬೇಕು. ಫಿಲಡೆಲ್ಫಿಯಾದಲ್ಲಿ ಕೀಮರ್ ಎಂಬವನ ಅಚ್ಚುಕೂಟದಲ್ಲಿದ್ದಾಗ ಫ್ರಾಂಕ್ಲಿನ್ ಇದಕ್ಕೊಂದು ದಾರಿ ಹುಡುಕಿದ. ಇದ್ದ ಮೊಳೆಯನ್ನೇ ಒತ್ತುಳಿಯಂತೆ ಬಳಸಿ ಸೀಸದಲ್ಲಿ ಅಚ್ಚು ಒತ್ತಿ, ಅದಕ್ಕೆ ತಾನೇ ಕಲ್ಪಿಸಿದ ಎರಕದ ಪಡಿಯಚ್ಚು ಜೋಡಿಸಿ, ಕೊರತೆಯಿದ್ದ ಅಕ್ಷರಗಳನ್ನು ಹೊಯ್ದ. ಅದಕ್ಕೂ ಮೊದಲು ಲಂಡನ್ನಿನಲ್ಲಿದ್ದಾಗ ಎರಕದವರ ಕೆಲಸವನ್ನು ನೋಡಿದ್ದನಷ್ಟೆ, ಕಲಿತಿರಲಿಲ್ಲ.

1728ರಲ್ಲಿ ಹ್ಯೂ ಮೆರೆಡಿತ್ ಜೊತೆ ಸ್ವಂತ ಅಚ್ಚುಕೂಟ ತೆರೆದಾಗ ಸಿಕ್ಕ ಮೊದಲ ದೊಡ್ಡ ಕೆಲಸ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಇತಿಹಾಸದ 40 ಹಾಳೆ. ದರ ಕಡಿಮೆ. ದಿನಕ್ಕೊಂದು ಹಾಳೆ, ಎಂದರೆ ನಾಲ್ಕು ದೊಡ್ಡ ಪುಟ, ಜೋಡಿಸುವ ಪಣ ತೊಟ್ಟ. ಮೆರೆಡಿತ್ ಅಚ್ಚು ತೆಗೆದ ಮೇಲೆ ಮೊಳೆಗಳನ್ನು ಬಿಡಿಸಿ ಕೇಸಿಗೆ, ಅಂದರೆ ಅಕ್ಷರಕ್ಕೊಂದು ಖಾನೆಯ ಪೆಟ್ಟಿಗೆಗೆ, ಹಾಕುವಷ್ಟರಲ್ಲಿ ಎಷ್ಟೋ ಸಲ ರಾತ್ರಿ ಹನ್ನೊಂದು. ಹಾಗೆ ಬಿಡಿಸದಿದ್ದರೆ ಮರುದಿನ ಜೋಡಿಸಲು ಅಕ್ಷರವೇ ಇಲ್ಲ. ಒಂದು ರಾತ್ರಿ ಕೆಲಸ ಮುಗಿಯಿತು ಅನ್ನುವಾಗ ಫಾರಂ ಒಡೆದು ಎರಡು ಪುಟದ ಮೊಳೆ ಚೆಲ್ಲಾಪಿಲ್ಲಿಯಾಯಿತು. ಎಲ್ಲವನ್ನೂ ಆಯ್ದು ಕೇಸಿಗೆ ಹಾಕಿ, ಮತ್ತೆ ಜೋಡಿಸಿಯೇ ಮಲಗಿದ. ಊರಿನವರು ನೋಡಲಿ ಎಂಬ ಲೆಕ್ಕವೂ ಅದರಲ್ಲಿತ್ತು; ಅದನ್ನು ಅವನು ಮುಚ್ಚಿಡಲಿಲ್ಲ. ಸಾಲ ಹುಟ್ಟುವುದು ಕಣ್ಣಿಗೆ ಬೀಳುವ ದುಡಿಮೆಗೆ.

ಇನ್ನೊಂದು ಸಂಗತಿ ಅಷ್ಟು ಪ್ರಸಿದ್ಧವಲ್ಲ. 1724ರಲ್ಲಿ ಲಂಡನ್ನಿನ ಪಾಮರ್ ಅಚ್ಚುಕೂಟದಲ್ಲಿ, ಬಿಡಿಸುವಾಗ ಒದ್ದೆಯಾದ ಮೊಳೆಗಳ ಕೇಸನ್ನು ಬೆಂಕಿಯ ಮುಂದೆ ವಾಲಿಸಿಟ್ಟು ಒಣಗಿಸುವ ರೂಢಿಯಿತ್ತು. ಚಳಿಗಾಲದಲ್ಲಿ ಬಿಸಿ ಮೊಳೆ ಬೆರಳಿಗೆ ಹಿತ. ಫ್ರಾಂಕ್ಲಿನ್ ಅದಕ್ಕೆಂದೇ ಕೇಸು ಕಾಯಿಸತೊಡಗಿದ. ಹಳೆಯ ಕೆಲಸಗಾರನೊಬ್ಬ ತಡೆದ: ಹೀಗೆ ಮಾಡಿದ ಇಬ್ಬರ ಕೈ ಬಿದ್ದೇ ಹೋಗುವಂತಾಗಿದೆ, ವಾರಕ್ಕೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್, ದುಡಿಯುತ್ತಿದ್ದವನು ಈಗ ಹತ್ತು ಶಿಲ್ಲಿಂಗಿಗಿಂತ ಹೆಚ್ಚು ದುಡಿಯಲಾರ. ಅಷ್ಟರಲ್ಲಿ ಇವನ ಕೈಮೂಳೆಯಲ್ಲೂ ಮಂದ ನೋವು ಶುರುವಾಗಿತ್ತು, ಕಾಯಿಸುವುದನ್ನು ಬಿಟ್ಟ. ಎರಕದವರು ಕರಗಿದ ಸೀಸದ ಮುಂದೆಯೇ ಇರುತ್ತಾರಲ್ಲ, ಅವರಿಗೂ ಹೀಗಾಗುವುದಿಲ್ಲವೇ ಎಂದು ಅವರ ಯಜಮಾನನನ್ನು ಕೇಳಿದಾಗ ಬಂದ ಉತ್ತರ: ಹಬೆಯಿಂದ ಅಲ್ಲ, ಕೈ ತೊಳೆಯದೆ ಉಣ್ಣುವುದರಿಂದ. ಇಂದು ನಮಗೆ ಎರಡೂ ಅಪಾಯ ಎಂದು ಗೊತ್ತು. ಅವನು ಇದನ್ನೆಲ್ಲ ಬರೆದದ್ದು 1786ರ ಪತ್ರದಲ್ಲಿ, ಅರವತ್ತೆರಡು ವರ್ಷ ನೆನಪಿಟ್ಟುಕೊಂಡು.

1729ರಿಂದ ಪೆನ್ಸಿಲ್ವೇನಿಯಾ ಗೆಜೆಟ್ ಪತ್ರಿಕೆ, 1732ರ ಕೊನೆಯಿಂದ ‘ಬಡ ರಿಚರ್ಡ್’ ಪಂಚಾಂಗ. ಪಂಚಾಂಗ ವರ್ಷಕ್ಕೆ ಸುಮಾರು ಹತ್ತು ಸಾವಿರ ಪ್ರತಿ ಹೋಗುತ್ತಿತ್ತು. ಆದರೆ ಅಚ್ಚುಕೂಟದವನಿಗೆ ಗಟ್ಟಿ ವರಮಾನ ಸರ್ಕಾರಿ ಕೆಲಸದಲ್ಲಿ, ಅದರಲ್ಲೂ ಕಾಗದದ ಹಣದಲ್ಲಿ. ಅಕ್ಷರವನ್ನೂ ಅಂಚಿನ ಬಳ್ಳಿಯನ್ನೂ ಕಳ್ಳ ಕೆತ್ತನೆಯವನು ನಕಲು ಮಾಡಬಲ್ಲ. ಫ್ರಾಂಕ್ಲಿನ್ 1730ರ ದಶಕದ ಕೊನೆಯಲ್ಲಿ ನೋಟಿನ ಹಿಂಬದಿಗೆ ನಿಜವಾದ ಎಲೆಯ ಅಚ್ಚು ತಂದ. ಅವನು ಗುಟ್ಟಾಗಿಟ್ಟ ಈ ವಿಧಾನವನ್ನು ತಜ್ಞರು ಬಿಡಿಸಿರುವುದು ಹೀಗೆ: ಒದ್ದೆ ಬಟ್ಟೆಯ ಮೇಲೆ ಇಟ್ಟ ಎಲೆಯನ್ನು ಗಾರೆಯಂಥ ಮೆತ್ತನೆ ಹದಕ್ಕೆ ಒತ್ತುವುದು, ಗಟ್ಟಿಯಾದ ಗುಳಿಗೆ ಮೊಳೆಯ ಲೋಹ ಹೊಯ್ಯುವುದು. ಎಲೆಯ ನರ ತೊಟ್ಟಿನಿಂದ ತುದಿಗೆ ತೆಳ್ಳಗಾಗುತ್ತ ಹೋಗುವ ರೀತಿಯನ್ನು ಉಳಿ ಹಿಡಿದ ಕೈ ತರಲಾರದು. ಎರಡು ಎಲೆ ಒಂದೇ ತರಹ ಇರುವುದೂ ಇಲ್ಲ.

1748ರಲ್ಲಿ, 42ನೆಯ ವಯಸ್ಸಿಗೆ, ಡೇವಿಡ್ ಹಾಲ್‌ನನ್ನು ಪಾಲುದಾರನಾಗಿ ಮಾಡಿಕೊಂಡು ಕೆಲಸವನ್ನು ಅವನಿಗೊಪ್ಪಿಸಿದ. ವಿದ್ಯುತ್ತಿನ ಹುಚ್ಚು ಅದಕ್ಕೂ ಒಂದೆರಡು ವರ್ಷ ಮೊದಲೇ ಹಿಡಿದಿತ್ತು. ವಿದ್ಯುತ್ತು ಕೂಡಿಡುವ ಗಾಜಿನ ಪಾತ್ರೆಯಾದ ಲೇಡನ್ ಜಾಡಿಯಲ್ಲಿ ಅದು ಎಲ್ಲಿ ಕೂತಿದೆ ಎಂದು ಹುಡುಕಿದ ರೀತಿ, ಫಾರಂನಲ್ಲಿ ತಪ್ಪು ಎಲ್ಲಿದೆ ಎಂದು ಒಂದೊಂದೇ ಸಾಲು ಎತ್ತಿ ನೋಡುವ ರೀತಿಯೇ. ಜಾಡಿಗೆ ವಿದ್ಯುತ್ತು ತುಂಬಿ, ಬಿರಡೆ ಮತ್ತು ತಂತಿ ತೆಗೆದ. ಒಳಗಿನ ನೀರನ್ನು ಬೇರೆ ಖಾಲಿ ಜಾಡಿಗೆ ಸುರಿದ. ಅದರಲ್ಲಿ ಏನೂ ಬರಲಿಲ್ಲ. ಮೊದಲ ಜಾಡಿಗೆ ಟೀ ಕುಡಿಕೆಯಿಂದ ಹೊಸ ನೀರು ಹಾಕಿ ಮುಟ್ಟಿದರೆ ಹೊಡೆಯಿತು. ಹಾಗಾದರೆ ಅದು ಇರುವುದು ನೀರಿನಲ್ಲಲ್ಲ, ಗಾಜಿನಲ್ಲಿ. ಧನ, ಋಣ ಎಂಬ ಲೆಕ್ಕಪುಸ್ತಕದ ಮಾತುಗಳನ್ನು ವಿದ್ಯುತ್ತಿಗೆ ತಂದವನೂ ಅವನೇ.

ಈಗ ಗಾಳಿಪಟ. 1752ರ ಅಕ್ಟೋಬರ್ 19ರ ಗೆಜೆಟ್‌ನಲ್ಲಿ ಅದರ ವಿವರ ಬಂದದ್ದು ಕಥೆಯಾಗಿ ಅಲ್ಲ, ಮಾಡುವ ಕ್ರಮವಾಗಿ. ದೇವದಾರಿನ ಎರಡು ಹಗುರ ಪಟ್ಟಿ, ತೆಳು ರೇಷ್ಮೆಯ ದೊಡ್ಡ ಕರವಸ್ತ್ರ. ಕಾಗದವಾದರೆ ಮಳೆಗಾಳಿಗೆ ಹರಿಯುತ್ತದೆ. ತುದಿಯಲ್ಲಿ ಒಂದಡಿಗೂ ಮೀರಿದ ಚೂಪು ತಂತಿ. ಹುರಿದಾರದ ಕೊನೆಗೆ ರೇಷ್ಮೆ ಪಟ್ಟಿ, ಎರಡೂ ಸೇರುವಲ್ಲಿ ಕೀಲಿಕೈ. ಹಿಡಿದವನು ಬಾಗಿಲ ಒಳಗೆ ನಿಲ್ಲಬೇಕು, ರೇಷ್ಮೆ ನೆನೆಯಬಾರದು, ದಾರ ಬಾಗಿಲ ಚೌಕಟ್ಟಿಗೆ ತಗಲಬಾರದು. ದಾರ ನೆನೆದಷ್ಟೂ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಚಿತ್ರಗಳಲ್ಲಿ ಕಾಣುವ ಹಾಗೆ ಸಿಡಿಲು ಗಾಳಿಪಟಕ್ಕೆ ಬಡಿಯಲಿಲ್ಲ. ಬಡಿದಿದ್ದರೆ ಈ ಉಪನ್ಯಾಸಕ್ಕೆ ವಿಷಯವೇ ಇರುತ್ತಿರಲಿಲ್ಲ. ಮೋಡದ ವಿದ್ಯುತ್ತನ್ನು ಅವನ ಸೂಚನೆಯಂತೆ ಮೊದಲು ಇಳಿಸಿದ್ದು ಫ್ರಾನ್ಸಿನ ಮಾರ್ಲಿಯಲ್ಲಿ, ದಾಲಿಬಾರ್‌ನ ಏರ್ಪಾಟಿನಲ್ಲಿ, 1752ರ ಮೇ 10ರಂದು. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಿಖ್ಮನ್ ಎಂಬ ವಿಜ್ಞಾನಿ ಇಂಥದೇ ಪ್ರಯೋಗದಲ್ಲಿ ಸತ್ತ. ಅವನ ಸರಳನ್ನು ನೆಲಕ್ಕೆ ಜೋಡಿಸಿರಲಿಲ್ಲ.

ಮಿಂಚುವಾಹಕದ ಸೂಚನೆ ಬಂದದ್ದು 1753ರ ಪಂಚಾಂಗದಲ್ಲಿ, ಗ್ರಹಣದ ತೇದಿಗಳ ಜೊತೆಗೆ. ಮರಕ್ಕೆ ಹೊಡೆಯುವ ಮೊಳೆ ತಯಾರಿಸುವವರಲ್ಲಿ ಸಿಗುವ ಸಣ್ಣ ಕಬ್ಬಿಣದ ಸರಳು. ಒಂದು ತುದಿ ತೇವದ ನೆಲದಲ್ಲಿ ಮೂರು ನಾಲ್ಕು ಅಡಿ, ಇನ್ನೊಂದು ಮನೆಯ ನೆತ್ತಿಗಿಂತ ಆರರಿಂದ ಎಂಟು ಅಡಿ ಮೇಲೆ. ಮೇಲ್ತುದಿಗೆ ಹೆಣಿಗೆ ಕಡ್ಡಿಯಷ್ಟು ದಪ್ಪದ ಒಂದಡಿ ಹಿತ್ತಾಳೆ ತಂತಿ, ಚೂಪು ಮಾಡಿದ್ದು. ಮನೆ ಉದ್ದವಿದ್ದರೆ ಎರಡೂ ತುದಿಗೆ ಒಂದೊಂದು, ನಡುವೆ ಮಾಡಿನ ನೆತ್ತಿಯಲ್ಲಿ ತಂತಿ. ಚೂಪು ತುದಿ ಮೋಡವನ್ನೇ ಸದ್ದಿಲ್ಲದೆ ಬರಿದು ಮಾಡುತ್ತದೆ ಎಂಬ ಅವನ ನಂಬಿಕೆ ನಿಲ್ಲಲಿಲ್ಲ. ಬಿದ್ದ ಸಿಡಿಲಿಗೆ ನೆಲಕ್ಕೆ ದಾರಿ ಕೊಡುವುದೇ ಸರಳಿನ ನಿಜವಾದ ಕೆಲಸ. ಅಳತೆಗಳು ಸರಿಯಿದ್ದದ್ದರಿಂದ ಕಾರಣ ತಪ್ಪಿದರೂ ಮನೆಗಳು ಉಳಿದವು.

ಕೋಣೆ ಬೆಚ್ಚಗಿಡಲು ಅವನು ರೂಪಿಸಿದ ಒಲೆಯ ವಿಷಯದಲ್ಲಿ ಆ ಅದೃಷ್ಟವಿರಲಿಲ್ಲ. ಹೊಗೆ ಹಿಂಬದಿಯಲ್ಲಿ ಕೆಳಗಿಳಿದು, ನೆಲದಡಿ ಹಾದು, ಚಿಮಣಿ ಏರಬೇಕೆಂಬುದು ಅವನ ಏರ್ಪಾಡು. ಚಿಮಣಿ ತಣ್ಣಗಿದ್ದರೆ ಸೆಳೆತವೇ ಇಲ್ಲ, ಹೊಗೆಯೆಲ್ಲ ಕೋಣೆಗೆ. ‘ಫ್ರಾಂಕ್ಲಿನ್ ಒಲೆ’ ಎಂಬ ಹೆಸರಿನಲ್ಲಿ ಮುಂದೆ ಮಾರಾಟವಾದವು ಹೆಚ್ಚಿನಂಶ ಬೇರೆಯವರು ತಿದ್ದಿದವು. ಪೇಟೆಂಟ್ ಕೊಡುತ್ತೇವೆಂದರೂ ಅವನು ತೆಗೆದುಕೊಂಡಿರಲಿಲ್ಲ.

ರಾಜಕಾರಣದ ಭಾಗ ಎಲ್ಲರಿಗೂ ಗೊತ್ತಿರುವುದರಿಂದ ಓಡಿಸುತ್ತೇನೆ. 1766ರಲ್ಲಿ, ವಸಾಹತುಗಳ ಕಾಗದಪತ್ರಗಳ ಮೇಲೆ ತೆರಿಗೆ ಹಾಕಿದ ಸ್ಟ್ಯಾಂಪ್ ಕಾಯಿದೆಯ ಬಗ್ಗೆ, ಬ್ರಿಟಿಷ್ ಸಂಸತ್ತಿನಲ್ಲಿ 174 ಪ್ರಶ್ನೆಗಳನ್ನು ಎದುರಿಸಿದ. 1778ರ ಫೆಬ್ರವರಿ 6ರಂದು ಫ್ರಾನ್ಸಿನ ಜೊತೆ ಮೈತ್ರಿ, 1783ರ ಸೆಪ್ಟೆಂಬರ್ 3ರಂದು ಬ್ರಿಟನ್ನಿನ ಜೊತೆಗಿನ ಯುದ್ಧ ಮುಗಿಸಿದ ಪ್ಯಾರಿಸ್ ಒಪ್ಪಂದ. ನಮಗೆ ಹತ್ತಿರದ ಒಂದು ಎಳೆ ಇಲ್ಲಿದೆ. ಪೆನ್ಸಿಲ್ವೇನಿಯಾದವರು ಒಂದು ಯುದ್ಧನೌಕೆಗೆ ಬ್ರಿಟಿಷರ ವೈರಿ, ನಮ್ಮ ಮೈಸೂರಿನ ಹೈದರ್ ಅಲಿಯ ಹೆಸರಿಟ್ಟಿದ್ದರು. 1782ರ ಏಪ್ರಿಲ್ 8ರಂದು ಅದು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಸೆರೆಸಿಕ್ಕ ಹಡಗೇ ಹೆಸರು ಬದಲಿಸಿಕೊಂಡು ಫ್ರಾನ್ಸಿನಲ್ಲಿದ್ದ ಫ್ರಾಂಕ್ಲಿನ್‌ಗೆ ಸರ್ಕಾರಿ ಪತ್ರಗಳನ್ನು ಒಯ್ದಿತು. ಅಲ್ಲಿ, ಪ್ಯಾರಿಸ್ ಬಳಿಯ ಪಾಸಿಯ ಮನೆಯಲ್ಲಿ, ರಾಯಭಾರಿ ಅಚ್ಚಿನ ಯಂತ್ರ ಇಟ್ಟುಕೊಂಡು ಪಾಸ್‌ಪೋರ್ಟನ್ನೂ ಸಾಲಪತ್ರವನ್ನೂ ತಾನೇ ಮುದ್ರಿಸುತ್ತಿದ್ದ.

ತನ್ನ ಬಾಳಿನ ತಪ್ಪುಗಳನ್ನು ಅವನು ‘ಒಪ್ಪೋಲೆ’ಯ, ಅಂದರೆ ಪುಸ್ತಕದ ತಪ್ಪು-ಒಪ್ಪು ಪಟ್ಟಿಯ, ಮಾತಿನಲ್ಲೇ, ಅಚ್ಚಿನ ದೋಷಗಳೆಂದೇ ಆತ್ಮಕಥೆಯಲ್ಲಿ ಕರೆದ. ದೊಡ್ಡದೊಂದು ಆ ಪಟ್ಟಿಯಲ್ಲಿಲ್ಲ. ಅವನ ಗೆಜೆಟ್ ಗುಲಾಮರ ಮಾರಾಟದ ಜಾಹೀರಾತು ಹಾಕಿ ಹಣ ಪಡೆಯಿತು. ಅವನ ಮನೆಯಲ್ಲೂ ಗುಲಾಮರಿದ್ದರು. 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದ. 1790ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿಗೆ ಅರ್ಜಿ ಕಳಿಸಿದ. ಅದು ಮೂಲೆಗೆ ಬಿತ್ತು. ಏಪ್ರಿಲ್ 17ಕ್ಕೆ ಅವನು ತೀರಿಕೊಂಡ.

ಉಯಿಲಿನ ಅನುಬಂಧದಲ್ಲಿ ಬಾಸ್ಟನ್‌ಗೆ 1000 ಪೌಂಡ್, ಫಿಲಡೆಲ್ಫಿಯಾಕ್ಕೆ 1000 ಪೌಂಡ್. ಕರಾರಿನ ಕಲಿಕೆ ಮುಗಿಸಿದ, 25ರೊಳಗಿನ, ಮದುವೆಯಾದ ಕಸುಬುದಾರರಿಗೆ ಶೇಕಡಾ 5ರ ಬಡ್ಡಿಗೆ ಸಾಲ, ಇಬ್ಬರ ಜಾಮೀನು, ಅಸಲು ವರ್ಷಕ್ಕೆ ಹತ್ತನೆಯ ಒಂದು ಪಾಲಿನಂತೆ ವಾಪಸು. ನೂರು ವರ್ಷಕ್ಕೆ 1,31,000 ಪೌಂಡ್ ಆಗಬೇಕು, ಲಕ್ಷ ಪೌಂಡ್ ಊರಿನ ಕೆಲಸಕ್ಕೆ ತೆಗೆದು ಉಳಿದದ್ದನ್ನು ಮತ್ತೆ ನೂರು ವರ್ಷ ದುಡಿಸಬೇಕು. ಲೆಕ್ಕ ಸರಿಯಿತ್ತು. ಕಾರ್ಖಾನೆಗಳು ಬಂದು ಕರಾರಿನ ಕಲಿಕೆಯೇ ನಿಂತುಹೋಗುತ್ತದೆ, ಸಾಲ ಕೇಳುವ ಹುಡುಗರೇ ಸಿಗುವುದಿಲ್ಲ ಎಂಬುದು ಮಾತ್ರ ಅದರಲ್ಲಿರಲಿಲ್ಲ. 1990ರ ಹೊತ್ತಿಗೆ ಅವಧಿ ಮುಗಿದಾಗ ಬಾಸ್ಟನ್ ನಿಧಿಯಲ್ಲಿ ಸುಮಾರು 45ರಿಂದ 50 ಲಕ್ಷ ಡಾಲರ್ ಇತ್ತು, ಫಿಲಡೆಲ್ಫಿಯಾದಲ್ಲಿ ಸುಮಾರು 20 ಲಕ್ಷ.