ಸಾಕೆ ರಮ್ ಅಲ್ಲ

ಕೇಳುಗರಿಗೆ ನಮಸ್ಕಾರ. ಸಾಕೆ ಮತ್ತು ರಮ್ ಬೆರೆಸಿ ಮನೆಯಲ್ಲೇ ಕಾಕ್‌ಟೇಲ್ ಮಾಡುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ಸಾಕೆ ಅಂದರೆ ಜಪಾನಿನ ಅಕ್ಕಿಯ ಮದ್ಯ. ನಮ್ಮ ಕಿವಿಗೆ ಪಂಕ್ತಿಯಲ್ಲಿ ಬಡಿಸುವವರು ‘ಸಾಕೇ?’ ಅಂದಂತೆ ಕೇಳಿಸುತ್ತದೆ, ಅದಿರಲಿ. ಮೊದಲೇ ಹೇಳಿಬಿಡುತ್ತೇನೆ: ಸಾಕೆ ರಮ್ ಅಲ್ಲ. ರಮ್ ಭಟ್ಟಿ ಇಳಿಸಿದ್ದು, ಸಾಕೆ ಹುದುಗಿಸಿದ್ದು. ಇಷ್ಟು ನೆನಪಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು.

ಈ ಪಾನೀಯ ಹೆಚ್ಚಾಗಿ ಕೆಡುವುದು ಲೋಟದಲ್ಲಲ್ಲ, ಬಾಟಲಿಯಲ್ಲಿ. ಮುಚ್ಚಳ ತೆಗೆದ ರಮ್ ತಿಂಗಳುಗಟ್ಟಲೆ ಕಪಾಟಿನಲ್ಲಿದ್ದರೂ ಜಗ್ಗದು. ಸಾಕೆಯನ್ನೂ ಪಕ್ಕದಲ್ಲೇ ನಿಲ್ಲಿಸಿದಿರೋ, ಗಾಳಿಗೂ ಸೆಖೆಗೂ ಅದರ ಪರಿಮಳ ಹಾರಿಹೋಗುತ್ತದೆ. ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ, ವಾರದೊಳಗೆ ಮುಗಿಸಿ.

ಜಪಾನಿನವರಿಗೆ ಇದರ ನಾಜೂಕು ಚೆನ್ನಾಗಿ ಗೊತ್ತು. ಹದವಾಗಿ ಕಾಯಿಸಿ ಕೆಡದಂತೆ ಕಾಪಾಡುವ ವಿಧಾನಕ್ಕೆ ಹೆಸರಾದ ಫ್ರೆಂಚ್ ವಿಜ್ಞಾನಿ ಪಾಸ್ಚರ್‌ಗಿಂತ ಸುಮಾರು 300 ವರ್ಷ ಮೊದಲೇ, 16ನೇ ಶತಮಾನದಲ್ಲಿ, ಅವರು ಸಾಕೆಯನ್ನು ಹದವಾಗಿ ಕಾಯಿಸಿ ಕೆಡದಂತೆ ಕಾಪಾಡುತ್ತಿದ್ದರು. 1881ರಲ್ಲಿ ಅಟ್ಕಿನ್ಸನ್ ಎಂಬ ಬ್ರಿಟಿಷ್ ರಸಾಯನ ವಿಜ್ಞಾನಿ ಆ ಕೆಲಸ ಬರೆದಿಟ್ಟ. ಥರ್ಮಾಮೀಟರ್ ಇಲ್ಲ. ಕೆಲಸಗಾರ ಕಾದ ಸಾಕೆಯ ಮೇಲೆ ‘ನೊ’ ಎಂಬ ಜಪಾನಿ ಅಕ್ಷರ ಬರೆಯುತ್ತಾನೆ. ಒಂದೇ ಸುತ್ತಿನ ಅಕ್ಷರ ಅದು, ಸೊನ್ನೆ ಬರೆಯಹೊರಟು ನಡುವೆ ಗೆರೆ ಎಳೆದಂತೆ. ಅಷ್ಟು ಬರೆಯುವವರೆಗೆ ಮಾತ್ರ ಕೈ ತಾಳಿದರೆ ಅದೇ ಹದ, ಸುಮಾರು 55 ಡಿಗ್ರಿ ಸೆಲ್ಸಿಯಸ್. ಕಾವಲಿಗೆ ನೀರು ಚಿಮುಕಿಸಿ ದೋಸೆ ಹೊಯ್ಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟು ಜತನದಿಂದ ಬಂದದ್ದನ್ನು ನಾವು ಒಲೆ ಪಕ್ಕದ ಗೂಡಿನಲ್ಲಿಟ್ಟರೆ ಹೇಗೆ ಸ್ವಾಮಿ?

ಹೊತ್ತಾಯಿತು, ಅಳತೆಗೆ ಬರೋಣ. ತಣ್ಣಗಿನ ಸಾಕೆ 60 ಮಿ.ಲೀ., ಬಿಳಿ ರಮ್ 30, ಸೋಸಿದ ನಿಂಬೆರಸ 15, ಸಕ್ಕರೆ ಪಾಕ 10. ಸಾಕೆಯ ಲೇಬಲ್ ಮೇಲೆ ‘ಜುನ್ಮಾಯ್’ ಅಂತಿದ್ದರೆ ಒಳ್ಳೆಯದು, ಅದಕ್ಕೆ ಹೊರಗಿನ ಆಲ್ಕೋಹಾಲ್ ಸೇರಿಸಿರುವುದಿಲ್ಲ. ಪಾಕ ಅಂದೆ ಅಂತ ಮೈಸೂರುಪಾಕಿನ ಎಳೆಪಾಕ ಮಾಡಬೇಡಿ, ತಣ್ಣಗಿನ ಲೋಟದಲ್ಲಿ ಅದು ತಳ ಹಿಡಿಯುತ್ತದೆ. ಸಕ್ಕರೆಯಷ್ಟೇ ನೀರು, ಕರಗಿದ ತಕ್ಷಣ ಇಳಿಸಿ, ಪೂರ್ತಿ ಆರಿಸಿ.

ಶೇಕರ್ ಇಲ್ಲವೇ? ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಎಲ್ಲವನ್ನೂ ಹಾಕಿ, ಐದಾರು ದೊಡ್ಡ ಐಸ್ ತುಂಡಿನೊಡನೆ 8 ಸೆಕೆಂಡು ಜೋರಾಗಿ ಕುಲುಕಿ ಸೋಸಿ. ಸಾಕೆ ಇಲ್ಲದೆ ರಮ್, ನಿಂಬೆರಸ, ಸಕ್ಕರೆಯಿಂದ ಮಾಡುವ ಡೈಕಿರಿ ಎಂಬ ಕಾಕ್‌ಟೇಲ್‌ಗೆ 12–15 ಸೆಕೆಂಡು ಕುಲುಕುತ್ತಾರೆ. ಇಲ್ಲಿ ಬೇಡ, ಯಾಕೆಂದರೆ ಸಾಕೆ ರಮ್ ಅಲ್ಲ. ಅದರಲ್ಲಿ ಆಲ್ಕೋಹಾಲ್ ಶೇ. 15ರ ಆಸುಪಾಸು, ಮಿಕ್ಕದ್ದು ಬಹುಪಾಲು ನೀರೇ. ಐಸ್ ಇನ್ನಷ್ಟು ಕರಗಿದರೆ ನೀರುಮಜ್ಜಿಗೆ.

ನಿಂಬೆರಸ 20 ದಾಟಿದರೆ ಷರಬತ್ತು ಕುಡಿದಂತೆ. ಮನೆಯಲ್ಲಿರುವುದು ಓಲ್ಡ್ ಮಾಂಕ್‌ನಂಥ ಕಪ್ಪು ರಮ್ ಆದರೆ 15 ಮಿ.ಲೀ.ಗೆ ನಿಲ್ಲಿಸಿ, ಪಾಕವನ್ನೂ ಅರ್ಧ ಮಾಡಿ. ಇಲ್ಲವಾದರೆ ವೆನಿಲ್ಲಾ ಘಮವೇ ಮೂಗಿಗೆ ಹೊಡೆದು ಸಾಕೆ ಎಲ್ಲಿ ಅಂತ ಹುಡುಕಬೇಕು. ಮತ್ತೆ, ನಾಲಿಗೆಗೆ ಹಗುರ ಅನ್ನಿಸಿತೆಂದು ಮೋಸ ಹೋಗಬೇಡಿ: ಬಿಳಿ ರಮ್ಮಿನ ಅಳತೆಯ ಒಂದು ಲೋಟದಲ್ಲಿ ಹತ್ತಿರ ಹತ್ತಿರ 50 ಮಿ.ಲೀ. ರಮ್ಮಿನಷ್ಟು ಆಲ್ಕೋಹಾಲ್ ಇದೆ.

ಬಾಟಲಿಯಲ್ಲಿ ಉಳಿದ ಸಾಕೆಯನ್ನು ಈಗಲೇ ಫ್ರಿಜ್ಜಿಗೆ ಸೇರಿಸಿ. ವಾರ ಕಳೆದೂ ಉಳಿದರೆ ಲೋಟಕ್ಕೆ ಬೇಡ, ಹುರಿಯುವ ಮೊದಲು ಮೀನು ನೆನೆಸಿಡಲು ಬಳಸಿ.